ಅತ್ತಿಗೆಗೆ, ಮತ್ತು ಉಳಿದವರಿಗೂ

ಪುಸ್ತಕದ ಕೊನೆಯಲ್ಲಿ ಅಚ್ಚಾಗಿರುವ ಕೃತಜ್ಞತೆಯ ಪುಟದಲ್ಲಿ ಹೆಸರುಗಳ ಪಟ್ಟಿಯಷ್ಟೇ ಇದೆ. ಅದಕ್ಕಿಂತ ಹೆಚ್ಚು ಬರೆಯುವ ಸ್ಥಿತಿಯಲ್ಲಿ ಆಗ ನಾನಿರಲಿಲ್ಲ. ಈಗ ಪುನರ್ಜನ್ಮದ ಪ್ರೇಮಕಥೆ ಹೇಳುವ ನನ್ನ ಕಾದಂಬರಿ ಓದುಗರ ಕೈ ಸೇರಿದೆ, ಹದಿನಾರು ಹದಿನೇಳರ ಹುಡುಗ ಹುಡುಗಿಯರು ಅದನ್ನು ಓದಿ ನನ್ನೊಡನೆ ಜಗಳವಾಡುವಷ್ಟು ಸಲುಗೆಯಿಂದ ಪತ್ರ ಬರೆಯುತ್ತಿದ್ದಾರೆ, ಮನೆಯಲ್ಲೂ ಒಂದು ಮಟ್ಟಿನ ನೆಮ್ಮದಿ ಮರಳಿದೆ. ಆದ್ದರಿಂದ ಆ ಪುಟದಲ್ಲಿ ಹೇಳಲಾಗದೆ ಉಳಿದುದನ್ನು ಇಲ್ಲಿ ಹೇಳುತ್ತಿದ್ದೇನೆ.

ಕೇಳಿದಾಗಲೆಲ್ಲ ಗಡುವನ್ನು ಮುಂದೂಡಿದ ಪ್ರಕಾಶಕರಿಗೆ, ಎರಡು ಜನ್ಮಗಳ ನಡುವಿನ ವರ್ಷಗಳ ಲೆಕ್ಕವನ್ನು ನನಗಿಂತ ಚೆನ್ನಾಗಿ ಇಟ್ಟುಕೊಂಡು ಕರಡು ತಿದ್ದಿದ ಹಿರಿಯರಿಗೆ, ಮುಖಪುಟದಲ್ಲಿ ಹೃದಯದ ಚಿತ್ರ ಬೇಡವೇ ಬೇಡ ಎಂದು ಹಟ ಹಿಡಿದ ಕಲಾವಿದೆಗೆ, ಆಸ್ಪತ್ರೆಯಲ್ಲಿ ಪಾಳಿ ಹಾಕಿಕೊಂಡು ಕುಳಿತ ಗೆಳೆಯ ಗೆಳತಿಯರಿಗೆ, ಹಸ್ತಪ್ರತಿಯನ್ನು ಮೊದಲು ಓದಿ ‘ನಾಯಕ ಇಷ್ಟು ಒಳ್ಳೆಯವನಾಗಿರಬಾರದು’ ಎಂದ ಆ ಕಾಲೇಜು ಹುಡುಗಿಗೆ ನಾನು ಋಣಿ.

ಹಳಗನ್ನಡ ಓದಿಸಿದ ಗುರುಗಳ ಉಪಕಾರವನ್ನು ಈ ಸಾಲಿನಲ್ಲಿ ಸೇರಿಸಿ ಮುಗಿಸುವಂತಿಲ್ಲ. ಸತ್ತ ಪ್ರೇಮಿಗಳು ಮತ್ತೆ ಹುಟ್ಟಿ ಸೇರುವ ಕಥೆ ಬರೆಯುತ್ತಿದ್ದೇನೆ ಎಂದಾಗ ಹೆಚ್ಚಿನವರು ಸಿನಿಮಾಗಳನ್ನು ನೆನಪಿಸಿಕೊಂಡು ನಕ್ಕರು. ಗುರುಗಳು ಮಾತ್ರ ಕ್ರಿ.ಶ. 941ರಲ್ಲಿ ಪಂಪ ರಚಿಸಿದ ‘ಆದಿಪುರಾಣ’ವನ್ನು ತೆರೆದು ಮುಂದಿಟ್ಟರು. ದೇವಲೋಕದಲ್ಲಿ ಲಲಿತಾಂಗನನ್ನು ಕಳೆದುಕೊಂಡ ಸ್ವಯಂಪ್ರಭೆ ಭೂಮಿಯಲ್ಲಿ ಶ್ರೀಮತಿಯಾಗಿ ಹುಟ್ಟುತ್ತಾಳೆ, ಹಿಂದಿನದೆಲ್ಲ ಒಮ್ಮೆಗೇ ನೆನಪಾಗಿ ಮೂರ್ಛೆ ಹೋಗುತ್ತಾಳೆ, ಆಮೇಲೆ ಆ ಜನ್ಮದ ಸಂಗತಿಗಳನ್ನು ಚಿತ್ರಪಟದಲ್ಲಿ ಬರೆದು, ತನ್ನನ್ನು ಸಾಕಿದ ದಾಯಿ ಪಂಡಿತೆಯ ಕೈಗೆ ಕೊಟ್ಟು, ಅದನ್ನು ನೋಡಿ ಗುರುತಿಸುವವನಿಗಾಗಿ ಕಾಯುತ್ತಾಳೆ. ವಜ್ರಜಂಘನಾಗಿ ಹುಟ್ಟಿರುವ ಅವನು ಗುರುತಿಸುತ್ತಾನೆ. ಬಾಣನ ‘ಕಾದಂಬರಿ’ಯಲ್ಲಿ, ಅದನ್ನು ನಾಗವರ್ಮ ಕನ್ನಡಕ್ಕೆ ತಂದ ಚಂಪುವಿನಲ್ಲಿ, ಇದು ತಲೆಕೆಳಗಾಗುತ್ತದೆ. ತೀರಿಕೊಂಡ ಪ್ರಿಯ ಪುಂಡರೀಕನಿಗಾಗಿ ತಪಸ್ಸಿನಲ್ಲಿ ಕುಳಿತ ಮಹಾಶ್ವೇತೆಯ ಬಳಿಗೆ ಅವನೇ ವೈಶಂಪಾಯನನಾಗಿ ಹುಟ್ಟಿ ಬಂದು ಪ್ರೇಮ ಬೇಡಿದಾಗ, ಅವಳು ಗುರುತಿಸದೆ ಅವನು ಗಿಳಿಯಾಗಲೆಂದು ಶಪಿಸುತ್ತಾಳೆ. ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿಸಿದ ಗುರುಗಳು ‘ಇನ್ನು ನೀನುಂಟು, ನಿನ್ನ ಮಕ್ಕಳುಂಟು’ ಎಂದು ಸುಮ್ಮನಾದರು.

ಮಕ್ಕಳೆಂದರೆ ನನ್ನ ಪಾತ್ರಗಳು. ಅವುಗಳಲ್ಲಿ ಹುಡುಗಿಗೆ ಹಿಂದಿನ ಜನ್ಮದ ಇಡೀ ದಾಂಪತ್ಯ ನೆನಪಿದೆ, ಹುಡುಗನಿಗೆ ಏನೂ ನೆನಪಿಲ್ಲ. ಮೊದಲ ಕರಡಿನಲ್ಲಿ ಅವಳು ಒಂದೊಂದೇ ಸಾಕ್ಷಿಯನ್ನು ಅವನ ಮುಂದೆ ಇಡುತ್ತ ಹೋಗುತ್ತಿದ್ದಳು. ಕೊನೆಗೊಮ್ಮೆ ಅವನಿಗೆ ನೆನಪಾಗಬೇಕು, ಓದುಗರ ಕಣ್ಣು ಒದ್ದೆಯಾಗಬೇಕು. ಈ ಬಗೆಯ ಕಥೆಗಳು ಸಾಮಾನ್ಯವಾಗಿ ನಡೆಯುವುದು ಹಾಗೆಯೇ. ಆದರೆ ಒಬ್ಬಳು ಮುಪ್ಪಿನವರೆಗೆ ಬಾಳಿದ ಅನುಭವವನ್ನು ಹೊತ್ತು ನಿಂತಿರುವಾಗ, ಎದುರಿಗಿರುವ ಹದಿನೇಳರ ಹುಡುಗ ಯಾವುದಕ್ಕೆ ಒಪ್ಪುತ್ತಿದ್ದಾನೆ, ಒಪ್ಪದಿರುವ ದಾರಿ ಅವನಿಗೆ ಇದೆಯೇ ಎಂಬ ಪ್ರಶ್ನೆ ಎಳೆಯರಿಗಾಗಿ ಬರೆಯುವ ಪುಸ್ತಕದಲ್ಲಿ ಸಣ್ಣದಲ್ಲ. ಆ ಗಂಟು ನನಗೆ ಕಾಣುತ್ತಿತ್ತು, ಬಿಡಿಸುವ ಬಗೆ ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಅಪ್ಪನಿಗೆ ಹಾಗಾಯಿತು. ಏನಾಯಿತು, ಎಷ್ಟು ದಿನ, ಯಾವ ಚಿಕಿತ್ಸೆ ಎಂಬುದೆಲ್ಲ ಇದನ್ನು ಓದುತ್ತಿರುವ ಬಹುತೇಕರಿಗೆ ಗೊತ್ತು. ನಾನು ಹೇಳಬೇಕಾಗಿರುವುದು ಮೊದಲ ರಾತ್ರಿಯ ಬಗ್ಗೆ ಮಾತ್ರ. ಅಣ್ಣ ದೂರದಲ್ಲಿದ್ದ, ಬೆಳಗಾಗುವ ಮುನ್ನ ಬಂದು ತಲುಪುವಂತಿರಲಿಲ್ಲ. ಅಮ್ಮನನ್ನು ಬಲವಂತವಾಗಿ ಮನೆಗೆ ಕಳುಹಿಸಿದ್ದೆವು. ಬೆಳಗಿನವರೆಗೆ ಏನೂ ಹೇಳಲಾಗದು ಎಂದು ವೈದ್ಯರು ಹೇಳಿಹೋದ ಮೇಲೆ ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನ ಮೇಲೆ ನಾನು ಮತ್ತು ಅತ್ತಿಗೆ ಇಬ್ಬರೇ ಉಳಿದೆವು. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಇದ್ದದ್ದು ಹಬ್ಬ ಹರಿದಿನಗಳ ಸೌಜನ್ಯವೇ ಹೊರತು ಹೆಚ್ಚಿನ ಆಪ್ತತೆಯೇನಲ್ಲ. ಅವರು ಕಥೆ ಕಾದಂಬರಿ ಓದುವವರಲ್ಲ, ಪ್ರೇಮಕಥೆಗಳನ್ನಂತೂ ಮುಟ್ಟುವವರೇ ಅಲ್ಲ.

ನಡುರಾತ್ರಿ ಕಳೆದ ಮೇಲೆ ನನ್ನ ಧೈರ್ಯ ಕುಸಿಯಿತು. ಸಾವು ಒಂದು ಬಾಗಿಲು, ಆಚೆ ಹೋದವರು ಮತ್ತೊಂದು ಮುಖ ಹೊತ್ತು ಮರಳುತ್ತಾರೆ ಎಂದು ಪುಟಗಟ್ಟಲೆ ಬರೆದಿದ್ದ ನನಗೆ ಆ ಹೊತ್ತಿನಲ್ಲಿ ಬೇಕಾಗಿದ್ದುದು ಮುಂದಿನ ಜನ್ಮದ ಅಪ್ಪನಲ್ಲ, ಗೋಡೆಯ ಆಚೆ ಮಲಗಿದ್ದ, ಕನ್ನಡಕವನ್ನು ಎಲ್ಲೆಲ್ಲೋ ಇಟ್ಟು ಮನೆಯವರನ್ನು ಗದರುವ ಈ ಅಪ್ಪನೇ. ನನ್ನ ಪುಸ್ತಕದ ಮೇಲೆ ನನಗೇ ಅಸಹ್ಯ ಹುಟ್ಟಿತು. ಹಸ್ತಪ್ರತಿಯನ್ನು ಅಳಿಸಿಹಾಕುತ್ತೇನೆ, ಕಳೆದುಕೊಂಡವರು ಮತ್ತೆ ಸಿಗುತ್ತಾರೆಂದು ಮಕ್ಕಳಿಗೆ ಹೇಳಲು ನಾನು ಯಾರು ಎಂದೆಲ್ಲ ದೊಡ್ಡ ದನಿಯಲ್ಲಿ ಹೇಳಿದೆನಂತೆ. ದಾದಿಯೊಬ್ಬರು ಹೊರಬಂದು ನೋಡಿದ್ದು ನೆನಪಿದೆ. ಅತ್ತಿಗೆ ನನ್ನ ತಲೆ ನೇವರಿಸಲಿಲ್ಲ, ಎಲ್ಲ ಸರಿಹೋಗುತ್ತದೆ ಎಂದೂ ಹೇಳಲಿಲ್ಲ. “ಅಳುವುದಿದ್ದರೆ ಅತ್ತುಬಿಡು. ಇಲ್ಲದಿದ್ದರೆ ಆ ಕಥೆಯನ್ನು ನನಗೆ ಹೇಳು, ಹೇಗೂ ಬೆಳಗಾಗಬೇಕಲ್ಲ” ಎಂದರು.

ಹೇಳಿದೆ. ಮೊದಲಿನಿಂದ, ಪ್ರತಿ ಅಧ್ಯಾಯವನ್ನೂ. ಅವರು ಹೂಂಗುಟ್ಟುತ್ತ ಕೇಳಿದರು, ಅನುಮಾನ ಬಂದಲ್ಲಿ ನಿಲ್ಲಿಸಿ ಕೇಳಿದರು, ನಡುವೆ ಎದ್ದುಹೋಗಿ ಅಪ್ಪನ ವಿಷಯ ವಿಚಾರಿಸಿಕೊಂಡು ಬಂದು ಮತ್ತೆ ಬಿಟ್ಟ ಕಡೆಯಿಂದಲೇ ಹೇಳಿಸಿದರು. ಹುಡುಗಿ ಹಿಂದಿನ ಜನ್ಮದ ಗುರುತುಗಳನ್ನು ತಂದು ಹುಡುಗನ ಮುಂದೆ ಸುರಿಯುವ ಭಾಗ ಬಂದಾಗ, ನಾನು ತುಂಬ ಪ್ರೀತಿಯಿಂದ ಬರೆದಿದ್ದ ಆ ಭಾಗದಲ್ಲಿ, “ಆ ಹುಡುಗನಿಗೆ ಹೆದರಿಕೆಯಾಗುವುದಿಲ್ಲವೇ?” ಎಂದರು. ಹಸ್ತಪ್ರತಿ ಓದಿದ ಯಾರೂ ಹಾಗೆ ಕೇಳಿರಲಿಲ್ಲ. ನನ್ನಲ್ಲಿ ಉತ್ತರವೂ ಇರಲಿಲ್ಲ. ಹೊರಗೆ ಬೆಳಕಾಗುತ್ತಿತ್ತು, ಅಪ್ಪ ಉಳಿದಿದ್ದರು.

ಉಳಿದರು, ಆದರೆ ಕಣ್ಣು ಬಿಟ್ಟಾಗ ಅಮ್ಮನನ್ನು ಗುರುತಿಸಲಿಲ್ಲ. ನಾನು ಮತ್ತು ಅಣ್ಣ ಹಳೆಯ ಫೋಟೋಗಳನ್ನು ತಂದು ತೋರಿಸುತ್ತ ‘ಇವರು ಯಾರು ಹೇಳಿ’ ಎಂದು ಕೇಳುತ್ತಿದ್ದಾಗ, ಅಮ್ಮ ಮಂಚದ ಇನ್ನೊಂದು ಬದಿಗೆ ಕುಳಿತು ಲೋಟವನ್ನು ಅಪ್ಪನ ತುಟಿಗೆ ಹಿಡಿದು ‘ನೀರು ಬೇಕೇ’ ಎಂದಷ್ಟೇ ಕೇಳಿದರು. ಅದನ್ನು ನನಗೆ ತೋರಿಸಿಕೊಟ್ಟವರೂ ಅತ್ತಿಗೆಯೇ. “ಅತ್ತೆಯನ್ನು ನೋಡಿದೆಯಾ? ನಾನು ನಿಮ್ಮ ಹೆಂಡತಿ ಅಂತ ಇನ್ನೂ ಒಂದು ಸಲವೂ ಹೇಳಿಲ್ಲ. ಮಾವ ಕೇಳಲಿ ಅಂತ ಕಾಯುತ್ತಿದ್ದಾರೆ.” ಗುರುಗಳು ಓದಿಸಿದ ‘ಆದಿಪುರಾಣ’ದ ಕಥೆಯ ಕೊನೆಯ ಕೊಂಡಿ ನನಗೆ ಅರ್ಥವಾದದ್ದು ಆಗ. ಹಲವು ಜನ್ಮಗಳ ನಂತರ ಶ್ರೀಮತಿಯ ಜೀವ ಶ್ರೇಯಾಂಸನಾಗಿ ಹುಟ್ಟಿ, ಮುನಿಯಾಗಿ ಆಹಾರ ದೊರೆಯದೆ ಅಲೆಯುತ್ತಿರುವ ವೃಷಭನಾಥನನ್ನು, ಅಂದರೆ ಮೊದಲ ತೀರ್ಥಂಕರನಾಗಿ ಹುಟ್ಟಿರುವ ಅದೇ ವಜ್ರಜಂಘನ ಜೀವವನ್ನು, ಕಂಡು ಹಿಂದಿನದನ್ನು ನೆನೆದು, ಕಬ್ಬಿನ ರಸವನ್ನು ನೀಡುತ್ತದೆ. ಅಲ್ಲಿ ಪ್ರಿಯತಮನೂ ಇಲ್ಲ, ಪ್ರಿಯತಮೆಯೂ ಇಲ್ಲ; ಒಬ್ಬರ ಅಗತ್ಯವನ್ನು ಇನ್ನೊಬ್ಬರ ನೆನಪು ಅರಿತಿದೆ.

ಕಾದಂಬರಿಯ ಉತ್ತರಾರ್ಧವನ್ನು ಪೂರ್ತಿ ಹೊಸದಾಗಿ ಬರೆದೆ. ಈಗ ಅಚ್ಚಾಗಿರುವ ಪುಸ್ತಕದಲ್ಲಿ ಹುಡುಗಿ ಸಾಕ್ಷಿಗಳನ್ನು ತನ್ನಲ್ಲೇ ಇಟ್ಟುಕೊಂಡು, ಹೊಸದಾಗಿ ಪರಿಚಯವಾದವಳಂತೆ ಅವನ ಪಕ್ಕದ ಡೆಸ್ಕಿನಲ್ಲಿ ಕುಳಿತಿರುತ್ತಾಳೆ. ಅವನು ಕೇಳಿದಷ್ಟನ್ನು, ಕೇಳಿದ ದಿನ ಮಾತ್ರ ಹೇಳುತ್ತಾಳೆ. ಅವನು ಎಲ್ಲವನ್ನೂ ಕೇಳುತ್ತಾನೆಯೇ ಎಂಬುದನ್ನು ಇಲ್ಲಿ ಹೇಳಿ ಇನ್ನೂ ಓದದವರ ಸುಖ ಕೆಡಿಸುವುದಿಲ್ಲ.

ಅಪ್ಪ ಈಗ ಅಮ್ಮನನ್ನು ಬಹುವಚನದಲ್ಲಿ ಮಾತನಾಡಿಸುತ್ತಾರೆ, ಎದ್ದು ನಿಂತು ಕುರ್ಚಿ ಬಿಟ್ಟುಕೊಡುತ್ತಾರೆ. ಮದುವೆಯಾದ ಹೊಸತರಲ್ಲೂ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲ ಎಂದು ಅಮ್ಮ ನಗುತ್ತಾರೆ. ಒಳಗೆ ಹೋಗಿ ಅಳುವ ದಿನಗಳೂ ಉಂಟು, ಅದನ್ನು ಬಲ್ಲೆ. ಎಲ್ಲವೂ ಒಳಿತಿಗೇ ಆಯಿತು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಆ ದಿನಗಳಲ್ಲೂ ಅಮ್ಮನ ಕೋಣೆಯ ಬಾಗಿಲು ತಟ್ಟುವವರು ಅತ್ತಿಗೆಯೇ.

ತಮ್ಮ ಹೆಸರನ್ನು ಎಲ್ಲಿಯೂ ಹಾಕಕೂಡದೆಂದು ಅತ್ತಿಗೆ ಮೊದಲೇ ಕಟ್ಟಪ್ಪಣೆ ಮಾಡಿದ್ದರಿಂದ ಅರ್ಪಣೆಯ ಪುಟದಲ್ಲಿ ‘ಅತ್ತಿಗೆಗೆ’ ಎಂದಷ್ಟೇ ಇದೆ. ಪುಸ್ತಕ ಕೊಟ್ಟಾಗ ಆ ಪುಟವನ್ನು ನೋಡಿ, ಕಥೆ ಹೇಗೂ ಗೊತ್ತಿದೆಯಲ್ಲ ಎಂದು ಕಪಾಟಿನಲ್ಲಿಟ್ಟರು. ಇನ್ನೂ ಓದಿಲ್ಲ, ಓದುತ್ತಾರೆಂಬ ಭರವಸೆಯೂ ನನಗಿಲ್ಲ.

ಎರಡನೆಯ ಭಾಗ ಯಾವಾಗ, ಅವರಿಬ್ಬರ ಮೂರನೆಯ ಜನ್ಮದ ಕಥೆ ಬರುವುದೇ ಎಂದು ಕೇಳಿರುವ ಎಳೆಯ ಓದುಗರಿಗೆ ನನ್ನ ಉತ್ತರ, ಬರುವುದಿಲ್ಲ. ಈ ಜನ್ಮದಲ್ಲೇ ಅವರಿಗೆ ಮಾತನಾಡಿ ಮುಗಿಸಬೇಕಾದದ್ದು ಬೇಕಾದಷ್ಟಿದೆ. ನೀವು ಪತ್ರ ಬರೆಯುತ್ತಿರುವುದಕ್ಕೆ, ಅದರಲ್ಲೂ ನನ್ನೊಡನೆ ಜಗಳವಾಡುತ್ತಿರುವುದಕ್ಕೆ, ಮನಸಾರೆ ಕೃತಜ್ಞತೆಗಳು. ಒಂದೊಂದಾಗಿ ಉತ್ತರಿಸುತ್ತಿದ್ದೇನೆ. ಅಪ್ಪನನ್ನು ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುವ ವಾರಗಳಲ್ಲಿ ತಡವಾದರೆ ದಯವಿಟ್ಟು ಮನ್ನಿಸಿ.