ಈ ವರ್ಷ ನನಗೆ ಹಿಡಿಸಿದ ಪುಸ್ತಕ, ಸಿನಿಮಾ, ಹಾಡು: ಪೋಷಕರಿಗೊಂದು ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಮೊದಲು ಶಾಲೆಯ ವಿಷಯ ಹೇಳಿಬಿಡುತ್ತೇನೆ. ಎಂಟು ಮತ್ತು ಒಂಬತ್ತನೇ ತರಗತಿಯ ಫಲಿತಾಂಶ ಏಪ್ರಿಲ್ 10ಕ್ಕೆ. ಮನೆಯಿಂದ ಒಬ್ಬರಾದರೂ ಬನ್ನಿ. ಶಾಲೆಯ ಲೈಬ್ರರಿ ಪುಸ್ತಕ ನಿಮ್ಮಲ್ಲೇ ಉಳಿದಿದ್ದರೆ ಅವತ್ತು ತಂದುಕೊಡಿ. ರೇಷ್ಮೆ ಹುಳ ಹಣ್ಣಾಗಿ ಗೂಡು ಕಟ್ಟೋ ದಿನವೇ ಮೀಟಿಂಗ್ ಇಡ್ತೀರಾ ಅಂತ ಕಳೆದ ಸಲ ಕೆಲವರು ಬೇಜಾರು ಮಾಡಿಕೊಂಡಿರಿ. ಎಲ್ಲರ ಮನೆ ಹುಳವೂ ಒಂದೇ ದಿನ ಹಣ್ಣಾಗೋದಿಲ್ಲವಲ್ಲ! ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಹುಳ ಬಿಡುವ ಕೆಲಸ ಇದ್ದವರು ಮಧ್ಯಾಹ್ನದ ಮೇಲೆ ಬಂದರೂ ಸರಿ, ನಾನು ಶಾಲೆಯಲ್ಲೇ ಇರುತ್ತೇನೆ.

ಪತ್ರ ಬರೆಯೋಕೆ ಕಾರಣ ಬೇರೆ ಇದೆ. ಅದೇ ಮೀಟಿಂಗ್‌ನಲ್ಲಿ ಒಬ್ಬ ತಾಯಿ ಕೇಳಿದರು, "ಸಾರ್, ಓದಿ ಓದಿ ಅಂತ ಹುಡುಗ್ರಿಗೆ ಹೇಳ್ತಾನೇ ಇರ್ತೀರಲ್ಲ, ಈ ವರ್ಷ ನೀವೇನ್ ಓದಿದ್ರಿ?" ಕೇಳಬೇಕಾದ ಪ್ರಶ್ನೆಯೇ. ಉತ್ತರ ಬರೆದೇ ಕೊಡೋಣ ಅನ್ನಿಸಿತು. ಸಿನಿಮಾ, ಹಾಡನ್ನೂ ಸೇರಿಸಿದ್ದೇನೆ. ಎಲ್ಲವೂ ಹೊಸದಲ್ಲ. ಹಳೆಯದನ್ನು ಈ ವರ್ಷ ಓದಿದ್ದರೆ ನನ್ನ ಲೆಕ್ಕಕ್ಕೆ ಅದೂ ಈ ವರ್ಷದ್ದೇ.

ಪುಸ್ತಕದಲ್ಲಿ ಮೊದಲ ಜಾಗ ಎಚ್. ನರಸಿಂಹಯ್ಯನವರ ಆತ್ಮಕತೆ 'ಹೋರಾಟದ ಹಾದಿ'ಗೆ. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದವರು. ತೀರಾ ಬಡತನದ ಮನೆ. ಓದಬೇಕು ಅಂತ ಊರಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ ಹುಡುಗ, ಮುಂದೆ ಅಮೆರಿಕದ ಓಹಿಯೋದಲ್ಲಿ ಪರಮಾಣು ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆದರೂ ಕೊನೆವರೆಗೂ ಇದ್ದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ರೂಮಿನಲ್ಲಿ. ಬರವಣಿಗೆ ನೇರ, ಎಂಟನೇ ಕ್ಲಾಸಿನವರೂ ಓದಬಹುದು. ಆಡಳಿತದ ಪುಟಗಳು ನನಗೆ ಸ್ವಲ್ಪ ಜಾಸ್ತಿಯಾದವು. ಅವನ್ನು ದಾಟಿಸಿಕೊಂಡು ಓದಿದರೆ ತಪ್ಪೇನಿಲ್ಲ.

ಆ ಪುಸ್ತಕ ಕೈಯಲ್ಲಿದ್ದಾಗಲೇ 'ಸು ಫ್ರಮ್ ಸೋ' ನೋಡಿದೆ. ಕರಾವಳಿಯ ಒಂದು ಹಳ್ಳಿ. ಸಿಕ್ಕಿಬಿದ್ದ ಹುಡುಗನೊಬ್ಬ ತಪ್ಪಿಸಿಕೊಳ್ಳೋಕೆ ಮೈಮೇಲೆ ದೆವ್ವ ಬಂದ ಹಾಗೆ ನಟಿಸುತ್ತಾನೆ. ಯಾರು ನೀನು ಅಂದರೆ ಸೋಮೇಶ್ವರದ ಸುಲೋಚನಾ ಅನ್ನುತ್ತಾನೆ. ಅಲ್ಲಿಂದ ಇಡೀ ಊರಿಗೆ ನಿದ್ದೆಯಿಲ್ಲ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. 1976ರಲ್ಲಿ ಪವಾಡಗಳ ಪರೀಕ್ಷೆಗೇ ಒಂದು ಸಮಿತಿ ಕಟ್ಟಿದವರು ನರಸಿಂಹಯ್ಯ. ಅವರೂ ಈ ಸಿನಿಮಾಗೆ ನಗುತ್ತಿದ್ದರು ಅನ್ನೋದು ನನ್ನ ಅಂದಾಜು. ಚಿಕ್ಕ ಮಕ್ಕಳ ಜೊತೆ ಕೂತರೆ ಒಂದೆರಡು ಕಡೆ ಮುಜುಗರ ಆಗಬಹುದು, ಮೊದಲೇ ಹೇಳಿಬಿಟ್ಟಿದ್ದೇನೆ.

ಆದರೆ ಈ ವರ್ಷ ಜಾಸ್ತಿ ಮಾತಿಗೆ ಎಳೆದದ್ದು ಹಳೇ ಸಿನಿಮಾ, 1985ರ 'ಬೆಟ್ಟದ ಹೂವು'. ಅಕ್ಟೋಬರ್ ಕೊನೆಯಲ್ಲಿ, ಪುನೀತ್ ತೀರಿಕೊಂಡ ದಿನದ ಹೊತ್ತಿಗೆ, ಶಾಲೆಯ ಪ್ರೊಜೆಕ್ಟರ್‌ನಲ್ಲಿ ಹಾಕಿದೆವು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಬಾಲನಟ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ. ಬಡವರ ಮನೆಯ ರಾಮುವಿಗೆ ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಂಡುಕೊಳ್ಳುವ ಆಸೆ. ಕಾಡಿನ ಆರ್ಕಿಡ್ ಹೂವು ತಂದು ಮಾರಿ ಚಿಲ್ಲರೆ ಕೂಡಿಡುತ್ತಾನೆ. ಕೊನೆಗೆ ಮನೆಯವರು ಚಳಿಯಲ್ಲಿ ನಡುಗುವುದನ್ನು ನೋಡಲಾಗದೆ ಆ ದುಡ್ಡಿಗೆ ಕಂಬಳಿ ತರುತ್ತಾನೆ.

ಸಿನಿಮಾ ಮುಗಿದ ಮೇಲೆ ಒಂಬತ್ತನೇ ಕ್ಲಾಸಿನಲ್ಲಿ ಜಗಳವೇ ಶುರುವಾಯಿತು. "ಪುಸ್ತಕ ಲೈಬ್ರರೀಲಿ ಸಿಗುತ್ತೆ, ಕಂಬಳಿ ಯಾರ್ ಕೊಡ್ತಾರೆ?" ಅಂದಳು ಒಬ್ಬಳು. ಹಿಂದಿನ ಬೆಂಚಿನ ಹುಡುಗ ಒಪ್ಪಲಿಲ್ಲ. "ಕಂಬಳಿ ತರೋದು ಅವರಪ್ಪನ ಕೆಲಸ ಅಲ್ವಾ? ಅವನು ಕೂಡಿಟ್ಟಿದ್ದು ಪುಸ್ತಕಕ್ಕೆ." ರಜೆ ಬಂದರೆ ಅಪ್ಪನ ಜೊತೆ ಶಿಡ್ಲಘಟ್ಟದ ಗೂಡು ಮಾರ್ಕೆಟ್‌ಗೆ ಹೋಗುವ ಹುಡುಗ ಅವನು. ರೇಟು ಬಿದ್ದ ದಿನ ಮನೆ ಹೇಗಿರುತ್ತೆ ಅಂತ ಅವನಿಗೆ ಗೊತ್ತು. ಇನ್ನೊಬ್ಬಳು, ಇಬ್ಬರ ಮಾತೂ ಬೇಡ, ಅರ್ಧ ದುಡ್ಡಿಗೆ ತೆಳ್ಳನೆ ಕಂಬಳಿ ತಂದು ಮಿಕ್ಕಿದ್ದನ್ನು ಇಟ್ಟುಕೊಳ್ಳಬಹುದಿತ್ತು ಅಂದಳು. ಬೆಲ್ ಹೊಡೆದರೂ ಯಾರೂ ಎದ್ದು ಹೋಗಲಿಲ್ಲ. ಊಟದ ಬೆಲ್ ಅದು!

"ಇದರಿಂದ ಏನು ಕಲಿತಿರಿ?" ಅಂತ ನಾನು ಕೇಳಲಿಲ್ಲ. ಕೇಳಿದ್ದರೆ "ತ್ಯಾಗ ಮಾಡಬೇಕು ಸಾರ್" ಅಂತ ಒಂದೇ ರಾಗದಲ್ಲಿ ಹೇಳಿ ಎದ್ದು ಹೋಗುತ್ತಿದ್ದರು. ಮನೆಯಲ್ಲಿ ನೀವೂ ಆ ಪ್ರಶ್ನೆ ಬಿಟ್ಟುಬಿಡಿ ಅಂತ ನನ್ನ ಕೋರಿಕೆ. ಮಗು ಕತೆ ಓದಿದರೆ, ಸಿನಿಮಾ ನೋಡಿದರೆ, ಎಲ್ಲಿ ಇಷ್ಟ ಆಯ್ತು, ಯಾಕೆ ಅಂತ ಕೇಳಿ. ಇಷ್ಟ ಆಗದಿದ್ದರೆ ಅದಕ್ಕೂ ಕಾರಣ ಕೇಳಿ. ಆಮೇಲೆ ನಿಮ್ಮ ಇಷ್ಟವನ್ನೂ ಹೇಳಿ. ಅಪ್ಪ ಅಮ್ಮನಿಗೆ ಯಾವ ಸಿನಿಮಾ ಇಷ್ಟ ಅಂತ ಕ್ಲಾಸಿನಲ್ಲಿ ಕೇಳಿದರೆ ಅರ್ಧಕ್ಕರ್ಧ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ.

ನಿಮಗಾಗಿಯೇ ಒಂದು ಪುಸ್ತಕ ಹೇಳಬೇಕು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ ('ಹಾರ್ಟ್ ಲ್ಯಾಂಪ್') ಅಂತಾರಾಷ್ಟ್ರೀಯ ಬೂಕರ್ ಬಂದದ್ದು ಟಿವಿಯಲ್ಲಿ ನೋಡಿರುತ್ತೀರಿ. ಕನ್ನಡಕ್ಕೆ ಅದು ಮೊದಲ ಸಲ. ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೂ ಬಹುಮಾನದಲ್ಲಿ ಸಮಪಾಲು. ನಾನು ಓದಿದ್ದು ಕನ್ನಡದಲ್ಲೇ. ಒಂದು ಕತೆ ಶುರುವಾಗೋದೇ ಬೇಸಿಗೆ ರಜೆಯಿಂದ. ಮನೆ ತುಂಬ ಮಕ್ಕಳು, ತಾಯಂದಿರಿಗೆ ತಲೆನೋವು. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಮನೆಯೂ ಹಾಗೇ ಇರುತ್ತೆ ಅಲ್ವಾ? ಮುಂದೇನಾಯಿತು ಅಂತ ಹೇಳುವುದಿಲ್ಲ. ದೊಡ್ಡವರು ಓದುವ ಕತೆ ಅದು.

ಹಾಡಿಗೆ ಬಂದರೆ, ಹೊಸ ಸಿನಿಮಾ ಹಾಡು ಯಾವುದೂ ನನಗೆ ಅಂಟಲಿಲ್ಲ. 2025ರಲ್ಲಿ ಶಾಲೆ ಶುರುವಾಗುವ ಹೊತ್ತಿಗೇ, ಮೇ 30ರಂದು ಕವಿ ಎಚ್.ಎಸ್. ವೆಂಕಟೇಶಮೂರ್ತಿ ತೀರಿಕೊಂಡರು. ಅವರು ಬರೆದು, ಸಿ. ಅಶ್ವತ್ಥ್ ರಾಗ ಹಾಕಿದ 'ಚಿನ್ನಾರಿ ಮುತ್ತ'ದ ಹಾಡುಗಳನ್ನು ಜೂನ್ ತಿಂಗಳು ಪೂರ್ತಿ ಊಟದ ಬಿಡುವಿನಲ್ಲಿ ಹಾಕಿಸಿದೆ. ಈಗ ಮಕ್ಕಳಿಗೆ ಬಾಯಿಪಾಠ.

ಅದಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ತಮಟೆ. ವಾರ್ಷಿಕೋತ್ಸವಕ್ಕೆ ಡಿಜೆ ಬೇಡ ಅಂದಾಗ ಹತ್ತನೇ ಕ್ಲಾಸಿನ ಹುಡುಗರು ಮುಖ ಊದಿಸಿಕೊಂಡರು. ಅವತ್ತು ಸಂಜೆ ಅವರೇ ಶಾಲೆಯ ಹಿಂದೆ ಒಣಹುಲ್ಲಿಗೆ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಿದ್ದರು. ಬೆರಳಲ್ಲಿ ತಟ್ಟಿ ಕಿವಿಗೆ ಹಿಡಿಯೋದು, ಸಾಲದು ಅಂತ ಮತ್ತೆ ಬೆಂಕಿಗೆ ಹಿಡಿಯೋದು. ಚರ್ಮ ಬಿಗಿಯಾಗಿ ಸದ್ದು ಖಣ್ಣೆಂದು ಏಳುವವರೆಗೂ ಬಿಡಲಿಲ್ಲ. ಶಾಲೆಯಲ್ಲಿ ತಮಟೆ ಯಾಕೆ ಅಂತ ಒಂದಿಬ್ಬರು ಕೇಳಿದಿರಿ. ನಮ್ಮದೇ ಜಿಲ್ಲೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ. ಮುಂದಿನ ವರ್ಷವೂ ತಮಟೆ ಇರುತ್ತೆ.

ಈಗ ನಿಮ್ಮ ಸರದಿ. ಫಲಿತಾಂಶಕ್ಕೆ ಬರುವಾಗ ಒಂದು ಚೀಟಿ ತನ್ನಿ. ಈ ವರ್ಷ ನಿಮಗೆ ಹಿಡಿಸಿದ ಪುಸ್ತಕ, ಸಿನಿಮಾ ಇಲ್ಲವೇ ಹಾಡು, ಯಾವುದಾದರೂ ಒಂದು, ಕೆಳಗೆ ಯಾಕೆ ಅಂತ ಒಂದು ಸಾಲು. ತೆಲುಗು ಸಿನಿಮಾ ಆದರೂ ಬರೆಯಿರಿ, ಅರ್ಧ ಮನೆಗಳಲ್ಲಿ ಆಡುವುದೇ ತೆಲುಗು. ಹುಳುಮನೆಯಲ್ಲಿ ಸೊಪ್ಪು ಹಾಕುತ್ತಾ ಅಜ್ಜಿ ಹೇಳುವ ಕೈವಾರ ತಾತಯ್ಯನವರ ಪದವೂ ಆಗುತ್ತೆ. ಬರೆಯೋಕೆ ಬಾರದವರು ಮಕ್ಕಳ ಕೈಲಿ ಬರೆಸಿ. ಅವರು ತಿದ್ದೋಕೆ ಬಂದರೆ ಬಿಡಬೇಡಿ, ನೀವು ಹೇಳಿದ ಹಾಗೇ ಇರಲಿ.

ಚೀಟಿ ಹಾಕೋಕೆ ಆಫೀಸಿನ ಕಿಟಕಿಯಲ್ಲಿ ಡಬ್ಬಿ ಇಟ್ಟಿರುತ್ತೇವೆ. ಶಾಲೆ ಮತ್ತೆ ಶುರುವಾದಾಗ ಎಲ್ಲವನ್ನೂ ಲೈಬ್ರರಿ ಗೋಡೆಗೆ ಅಂಟಿಸುತ್ತೇವೆ. ನೀವು ಬರೆದ ಪುಸ್ತಕ ನಮ್ಮಲ್ಲಿ ಇಲ್ಲದಿದ್ದರೆ ಹೊಸ ಪಟ್ಟಿಗೆ ಸೇರಿಸುವ ಜವಾಬ್ದಾರಿ ನನ್ನದು. ರಜೆಯಲ್ಲಿ ಓದೋಕೆ ಪುಸ್ತಕ ಬೇಕಾದರೆ ಗ್ರಾಮ ಪಂಚಾಯಿತಿಯ ಲೈಬ್ರರಿ, ಅಂದರೆ ಅರಿವು ಕೇಂದ್ರದಲ್ಲಿ ಕೇಳಿ. ಒಂಬತ್ತನೇ ಕ್ಲಾಸಿನವರಿಗೆ ದಾರಿ ಗೊತ್ತು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕ
ಸರ್ಕಾರಿ ಪ್ರೌಢಶಾಲೆ, ಶಿಡ್ಲಘಟ್ಟ ತಾಲ್ಲೂಕು
ಚಿಕ್ಕಬಳ್ಳಾಪುರ ಜಿಲ್ಲೆ