ಗುರು ಗ್ರಹ ನಮ್ಮ ವೇಳಾಪಟ್ಟಿ ನೋಡಿ ಬರುವುದಿಲ್ಲ: ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಹೈಸ್ಕೂಲಿನ ಕೊನೆಯ ವರ್ಷಗಳ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುವ ಮೇಷ್ಟ್ರು. ನಿಮ್ಮ ಮೇಜಿನ ಮೇಲೆ ಕಾಗದಗಳಿಗೆ ಬರವಿಲ್ಲ ಅಂತ ಗೊತ್ತು. ಹಾಗಾಗಿ ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಓದಿನಲ್ಲಿ ಮುಂದಿರುವ ಮಕ್ಕಳಿಗೆ ಭೌತಶಾಸ್ತ್ರ ಮತ್ತು ಖಗೋಳ ವಿಜ್ಞಾನ ಎರಡನ್ನೂ ಸೇರಿಸಿ ಒಂದು ವರ್ಷದ ಐಚ್ಛಿಕ ಕೋರ್ಸು ಬೇಕು. ಅದರಲ್ಲಿ ಮಕ್ಕಳು ತಾವೇ ಅಳೆಯಬೇಕು. ತಪ್ಪು ಬಂದರೆ ಅದು ಎಲ್ಲಿಂದ ಬಂತು ಅಂತ ತಾವೇ ಹುಡುಕಬೇಕು. ಇಷ್ಟೇ ನನ್ನ ಬೇಡಿಕೆ. ಉಳಿದದ್ದೆಲ್ಲ ಇದು ಯಾಕೆ ಬೇಕು, ಇಲ್ಲಿಯವರೆಗೆ ಯಾಕೆ ಆಗಿಲ್ಲ ಅನ್ನುವ ವಿವರ.

ಹೋದ ವರ್ಷ ನನ್ನ ತರಗತಿಯ ಒಬ್ಬ ಹುಡುಗಿ ಗುರು ಗ್ರಹವನ್ನು ತೂಗಿದಳು. ತಮಾಷೆಗೆ ಹೇಳುತ್ತಿಲ್ಲ. 70 ಮಿಲಿಮೀಟರಿನ ಸಣ್ಣ ಟೆಲಿಸ್ಕೋಪ್, ಒಂದು ನೋಟ್‌ಬುಕ್, ಒಂದು ಪೆನ್ಸಿಲು. ಐದು ವಾರ ದಿನಾ ರಾತ್ರಿ ಗುರುವಿನ ಅಕ್ಕಪಕ್ಕ ಕಾಣುವ ನಾಲ್ಕು ಚುಕ್ಕೆಗಳನ್ನು ಬರೆದಿಟ್ಟಳು. 1610ರಲ್ಲಿ ಗೆಲಿಲಿಯೊ ನೋಡಿ ಬರೆದಿಟ್ಟ ಅದೇ ನಾಲ್ಕು ಉಪಗ್ರಹಗಳು. ನೋಟ್‌ಬುಕ್ಕಿನ ಕೆಲವು ಪುಟಗಳಲ್ಲಿ ಒಂದೇ ಪದ ಇದೆ: ‘ಮೋಡ’. ಇನ್ನೊಂದು ಪುಟದಲ್ಲಿ ಮೂರೇ ಚುಕ್ಕೆ, ಪಕ್ಕದಲ್ಲಿ ‘ಇನ್ನೊಂದು ಎಲ್ಲಿ?’ ಅಂತ. ಅದು ಗುರುವಿನ ಹಿಂದೆ ಹೋಗಿತ್ತು.

ನಾಲ್ಕರಲ್ಲಿ ಯಾವುದು ಯಾವುದು ಅಂತ ಗುರುತು ಹಿಡಿಯುವುದೇ ಮೊದಲ ಎರಡು ವಾರದ ಕೆಲಸ ಆಯಿತು. ಎಲ್ಲಕ್ಕಿಂತ ದೂರ ಹೋಗುವುದು ಕ್ಯಾಲಿಸ್ಟೊ. ಅವಳು ಅದನ್ನೇ ಹಿಡಿದುಕೊಂಡಳು. ಗುರುವಿನ ಬಿಲ್ಲೆಯ ಅಗಲವನ್ನೇ ಅಳತೆಗೋಲು ಮಾಡಿಕೊಂಡಳು. ಕ್ಯಾಲಿಸ್ಟೊ ಅತಿ ದೂರ ಇದ್ದಾಗ 12.6 ಅಗಲ. ಒಂದು ಸುತ್ತಿಗೆ 16.7 ದಿನ. ಗುರುವಿನ ಅಗಲ ಸುಮಾರು 1,43,000 ಕಿಲೋಮೀಟರ್ ಅಂತ ಪುಸ್ತಕದಿಂದ ತೆಗೆದುಕೊಂಡಳು. ಉಪಗ್ರಹದ ದೂರ ಮತ್ತು ಸುತ್ತಿನ ಸಮಯದಿಂದ ಗ್ರಹದ ತೂಕ ಹೇಳುವ ಸೂತ್ರ, ಕೆಪ್ಲರನ ಮೂರನೇ ನಿಯಮಕ್ಕೆ ನ್ಯೂಟನ್ ಕೊಟ್ಟ ರೂಪ ಇದೆಯಲ್ಲ, ಅದರೊಳಗೆ ಈ ಸಂಖ್ಯೆಗಳನ್ನು ಹಾಕಿದಳು. ಬಂದದ್ದು 1.66 ಗುಣಿಸು 10ರ 27ನೇ ಘಾತ ಕಿಲೋಗ್ರಾಂ. ಪುಸ್ತಕದಲ್ಲಿ 1.66ರ ಜಾಗದಲ್ಲಿ 1.90 ಇದೆ.

ಶೇ. 12 ಕಮ್ಮಿ. ಮುಖ ಸಣ್ಣದು ಮಾಡಿಕೊಂಡು ಬಂದಳು. ನಾನು ಏನೂ ಹೇಳಲಿಲ್ಲ, ‘ಎಲ್ಲಿ ಕಳೆದುಹೋಯ್ತು, ಹುಡುಕು’ ಅಂದೆ. ಮೂರನೇ ದಿನ ಸ್ಟಾಫ್ ರೂಮಿನ ಬಾಗಿಲಲ್ಲೇ ಶುರುಮಾಡಿದಳು: ‘ಸರ್, ದೂರ ಕ್ಯೂಬ್ ಆಗುತ್ತೆ ಅಲ್ವಾ? ದೂರದಲ್ಲಿ ಶೇ. 4 ತಪ್ಪಿದರೆ ಸಾಕು, ತೂಕದಲ್ಲಿ 12 ಆಗಿಬಿಡುತ್ತೆ!’ ಸರಿ, ಆ 4 ಎಲ್ಲಿಂದ ಬಂತು? ಅದಕ್ಕೂ ಉತ್ತರ ಇಟ್ಟುಕೊಂಡೇ ಬಂದಿದ್ದಳು. ಗುರು ತುಂಬಾ ಹೊಳೆಯುತ್ತೆ, ಅದಕ್ಕೆ ಬಿಲ್ಲೆಯನ್ನು ಸ್ವಲ್ಪ ದೊಡ್ಡದಾಗಿ ಬರೆದಿದ್ದೇನೆ ಅನ್ಸುತ್ತೆ ಅಂದಳು. ಅಳತೆಗೋಲೇ ಉದ್ದ ಆದರೆ ಅಳೆದದ್ದು ಗಿಡ್ಡ ಆಗಲೇಬೇಕು.

ಸಚಿವರೇ, ಎರಡು ದಶಕದ ನನ್ನ ಪಾಠದಲ್ಲಿ ಅಳತೆಯ ದೋಷದ ಬಗ್ಗೆ ಇದಕ್ಕಿಂತ ಚೆನ್ನಾಗಿ ನಾನೂ ಹೇಳಿಕೊಟ್ಟಿಲ್ಲ.

ಈಗ ನಮ್ಮ ಮಾಮೂಲಿ ಲ್ಯಾಬಿಗೆ ಬನ್ನಿ. ಲೋಲಕದ ಪ್ರಯೋಗ. ದಾರ ಕಟ್ಟು, ಗುಂಡು ತೂಗಾಡಿಸು, 20 ಆಂದೋಲನದ ಸಮಯ ಎಣಿಸು, ಗುರುತ್ವದ ಬೆಲೆ ಕಂಡುಹಿಡಿ. ರೆಕಾರ್ಡ್ ಪುಸ್ತಕಗಳನ್ನು ತೆರೆದು ನೋಡಿದರೆ ಎಲ್ಲರದ್ದೂ 9.8. ಕೆಲವರದ್ದು 9.81. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ಅಳೆದವರಿಗೆ ಒಬ್ಬರಿಗಾದರೂ 9.5 ಬರಬೇಕಿತ್ತು, ಇನ್ನೊಬ್ಬರಿಗೆ 10.1. ಬಂದಿತ್ತು ಕೂಡ. ಆದರೆ ಮಕ್ಕಳು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ಬರೆಯುತ್ತಾರೆ. ‘ಸರಿಯಾದ’ ಉತ್ತರಕ್ಕೆ ಮಾರ್ಕ್ಸ್ ಕೊಡುವವರು ನಾವೇ, ಅವರನ್ನು ಬೈದು ಏನು ಪ್ರಯೋಜನ? ಜಾಣ ಮಕ್ಕಳು ಈ ಕಲೆಯನ್ನು ಇನ್ನೂ ಬೇಗ ಕಲಿಯುತ್ತಾರೆ.

ಮುಂದಿರುವ ಮಕ್ಕಳಿಗೆ ನಾವು ಈಗ ಏನು ಕೊಡುತ್ತಿದ್ದೇವೆ? ಮುಂದಿನ ವರ್ಷದ ಪಾಠವನ್ನು ಈ ವರ್ಷ. ಅದರ ಮುಂದಿನದನ್ನು ಬೇಸಿಗೆ ರಜೆಯಲ್ಲಿ. ಒಂದು ಪ್ರಶ್ನೆಗೆ ನಾಲ್ಕು ಉತ್ತರ, ಒಂದೂವರೆ ನಿಮಿಷ. ವೇಗ ಬೇಡ ಅಂತ ನಾನು ಹೇಳುವುದಿಲ್ಲ, ಪ್ರವೇಶ ಪರೀಕ್ಷೆ ಇರುವಷ್ಟು ದಿನ ಅದು ಬೇಕು. ಆದರೆ ಹದಿನಾರು ವರ್ಷದ ಒಂದು ಚುರುಕು ತಲೆಗೆ ಬರೀ ವೇಗವನ್ನೇ ಊಟಕ್ಕೆ ಇಟ್ಟರೆ, ಐದು ವಾರ ಒಂದೇ ಪ್ರಶ್ನೆಯ ಹಿಂದೆ ಹೋಗುವ ತಾಳ್ಮೆ ಆಮೇಲೆ ಬರುವುದಿಲ್ಲ. ನಾನು ನೋಡಿದ್ದೇನೆ.

ಫಿಸಿಕ್ಸ್ ಸರಿ, ಖಗೋಳ ಯಾಕೆ ಅಂತ ಕೇಳಬಹುದು. ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಕೂತಿರುವ ವಿಷಯಗಳು ಆಕಾಶದಲ್ಲಿ ಒಟ್ಟಿಗೆ ಸಿಗುತ್ತವೆ, ಅದಕ್ಕೆ. ಉಷ್ಣದ ಪಾಠ ಒಂದು ಕಡೆ, ಪರಮಾಣುವಿನ ಪಾಠ ಇನ್ನೊಂದು ಕಡೆ, ರೋಹಿತದ, ಅಂದರೆ ಬೆಳಕು ಬಣ್ಣ ಬಣ್ಣವಾಗಿ ಬಿಡಿಸಿಕೊಂಡ ಪಟ್ಟಿಯ, ಪಾಠ ಮತ್ತೊಂದು ಕಡೆ ಇದೆ. 1920ರಲ್ಲಿ ನಮ್ಮ ದೇಶದ ಭೌತವಿಜ್ಞಾನಿ ಮೇಘನಾದ ಸಹಾ ಒಂದು ಸಮೀಕರಣ ಬರೆದರು. ಬಿಸಿ ಹೆಚ್ಚಾದ ಹಾಗೆ ಅನಿಲದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಳ್ಳುತ್ತವೆ ಅನ್ನುವ ಲೆಕ್ಕ ಅದು. 1925ರಲ್ಲಿ ಸಿಸಿಲಿಯಾ ಪೇನ್ ಅನ್ನುವ 25 ವರ್ಷದ ಸಂಶೋಧಕಿ ಅದೇ ಸಮೀಕರಣ ಹಿಡಿದು ನಕ್ಷತ್ರಗಳ ರೋಹಿತ ಓದಿದರು. ನಕ್ಷತ್ರಗಳಲ್ಲಿ ಇರುವುದು ಬಹುಪಾಲು ಹೈಡ್ರೋಜನ್ ಮತ್ತು ಹೀಲಿಯಂ ಅಂತ ಉತ್ತರ ಬಂತು. ಆಗಿನ ದೊಡ್ಡ ಖಗೋಳ ವಿಜ್ಞಾನಿ ಹೆನ್ರಿ ನೋರಿಸ್ ರಸೆಲ್ ಇದು ಸಾಧ್ಯವೇ ಇಲ್ಲ ಅಂದರು. ಪೇನ್ ತಮ್ಮದೇ ಪ್ರಬಂಧದಲ್ಲಿ ಈ ಫಲಿತಾಂಶ ನಿಜ ಇರಲಾರದು ಅಂತ ಬರೆಯಬೇಕಾಯಿತು. 1929ರಲ್ಲಿ ರಸೆಲ್ ಬೇರೆ ದಾರಿಯಿಂದ ಹೋಗಿ ಅದೇ ಉತ್ತರಕ್ಕೆ ಬಂದರು. ಈ ಕಥೆ ಹೇಳಿದ ದಿನ ನನ್ನ ತರಗತಿಯಲ್ಲಿ ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಮೂರು ಅಧ್ಯಾಯ ಒಂದೇ ಗಂಟೆಯಲ್ಲಿ ಒಂದಾಗಿದ್ದವು.

ಇನ್ನೊಂದು ಉದಾಹರಣೆ ಸಾಕು, ಬಿಡಲು ಮನಸ್ಸು ಬರುತ್ತಿಲ್ಲ. ಭೂಮಿ ಗುರುವಿನಿಂದ ದೂರ ಹೋಗುತ್ತಿರುವಾಗ ಗುರುವಿನ ಉಪಗ್ರಹ ಅಯೋದ ಗ್ರಹಣಗಳು (ಅದು ಗುರುವಿನ ನೆರಳಿಗೆ ಸರಿಯುವುದು) ಲೆಕ್ಕಕ್ಕಿಂತ ತಡವಾಗಿ ಆಗುತ್ತವೆ. ಹತ್ತಿರ ಬರುವಾಗ ಬೇಗ ಆಗುತ್ತವೆ. ಬೆಳಕಿಗೂ ದಾರಿ ಸವೆಸಲು ಹೊತ್ತು ಬೇಕು ಅಂತ 1676ರಲ್ಲಿ ಖಗೋಳ ವಿಜ್ಞಾನಿ ಓಲೆ ರೋಮರ್ ಇದರಿಂದಲೇ ತಿಳಿದ. ಭೂಮಿಯ ಕಕ್ಷೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಬೆಳಕಿಗೆ 22 ನಿಮಿಷ ಬೇಕು ಅಂತ ಅವನ ಲೆಕ್ಕ. ನಿಜಕ್ಕೂ ಬೇಕಾಗಿರುವುದು 16 ನಿಮಿಷ 40 ಸೆಕೆಂಡಿನ ಹತ್ತಿರ. ಅಂದರೆ ರೋಮರನ ತಪ್ಪು ನಮ್ಮ ಹುಡುಗಿಯ ಶೇ. 12ಕ್ಕಿಂತ ಎಷ್ಟೋ ದೊಡ್ಡದು. ಇದನ್ನು ಅವಳಿಗೆ ಹೇಳಿದ ಮೇಲೆ ಮುಖ ಸ್ವಲ್ಪ ಅಗಲ ಆಯಿತು.

ಇದಕ್ಕೆಲ್ಲ ಒಲಿಂಪಿಯಾಡ್ ಇದೆಯಲ್ಲ ಅನ್ನುತ್ತಾರೆ. ಇದೆ, ಒಳ್ಳೆಯದೇ. ಅಂತರರಾಷ್ಟ್ರೀಯ ಭೌತಶಾಸ್ತ್ರ ಒಲಿಂಪಿಯಾಡ್ 1967ರಿಂದ ನಡೆಯುತ್ತಿದೆ, ಖಗೋಳ ವಿಜ್ಞಾನ ಮತ್ತು ಖಗೋಳ ಭೌತಶಾಸ್ತ್ರದ್ದು 2007ರಿಂದ. ಭೌತಶಾಸ್ತ್ರದ ಒಲಿಂಪಿಯಾಡಿನಲ್ಲಿ 50 ಅಂಕಕ್ಕೆ 20 ಪ್ರಯೋಗಕ್ಕೇ ಮೀಸಲು, ಅದನ್ನು ಗಮನಿಸಿ. ಆದರೆ ತಂಡದಲ್ಲಿ ಇರುವುದು ಐದು ಮಕ್ಕಳು. ನಾನು ಹೇಳುತ್ತಿರುವುದು ಆರನೆಯವನ ಬಗ್ಗೆ, ಆರು ಸಾವಿರನೆಯವಳ ಬಗ್ಗೆ. ಆಯ್ಕೆ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಹೊರಗೆ ಉಳಿದ ಮಗುವಿಗೂ ಆಕಾಶ ಅಷ್ಟೇ ಇಷ್ಟ.

ಹಾಗೆಯೇ ಈ ಕೋರ್ಸಿಗೆ ಮಾರ್ಕ್ಸ್ ನೋಡಿ ಸೇರಿಸಿಕೊಳ್ಳಬೇಡಿ. ‘ಮುಂದಿರುವ ಮಕ್ಕಳು’ ಅಂದರೆ ಮೊದಲ ಬೆಂಚಿನವರು ಅಂತ ಲೆಕ್ಕ ಹಾಕಿ ನಾನೇ ಎಷ್ಟೋ ಸಲ ಮೋಸ ಹೋಗಿದ್ದೇನೆ. ಗುರುವನ್ನು ತೂಗಿದವಳು ಫಿಸಿಕ್ಸಿನಲ್ಲಿ ತರಗತಿಗೆ ಒಂಬತ್ತನೆಯವಳು.

ಈಗ ನಿಮಗೆ ಸ್ವಲ್ಪ ಕಷ್ಟ ಆಗುವ ಮಾತು. ದಯವಿಟ್ಟು ಈ ಯೋಜನೆಯನ್ನು ಟೆಲಿಸ್ಕೋಪ್ ಖರೀದಿ ಯೋಜನೆ ಮಾಡಬೇಡಿ. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಶಾಲೆಗೆ ದೊಡ್ಡ ಟೆಲಿಸ್ಕೋಪ್ ಬಂತು. ರಿಬ್ಬನ್ ಕತ್ತರಿಸಿದರು, ಫೋಟೋ ತೆಗೆದರು. ಆಮೇಲೆ ಅದು ಬೀರು ಸೇರಿತು. ಕೀ ಒಬ್ಬರ ಹತ್ತಿರ, ರಿಜಿಸ್ಟರಿಗೆ ಸಹಿ ಹಾಕುವವರು ಇನ್ನೊಬ್ಬರು. ಇಬ್ಬರೂ ಸಂಜೆ ಐದಕ್ಕೆ ಮನೆಗೆ ಹೋಗುತ್ತಿದ್ದರು. ನಕ್ಷತ್ರಗಳು ಐದಕ್ಕೆ ಬರುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದರೆ ಲೆನ್ಸಿನ ಮೇಲೆ ಬೂಷ್ಟು. ಬೀರುವಿನ ಬೂಷ್ಟಿಗಿಂತ ಕೈಯಿಂದ ಕೈಗೆ ಓಡಾಡುವ ಹತ್ತು ಸಣ್ಣ ಟೆಲಿಸ್ಕೋಪ್ ವಾಸಿ. ಒಂದು ಬಿದ್ದು ಒಡೆದರೆ ಒಡೆಯಲಿ. ಮೇಷ್ಟ್ರ ಸಂಬಳದಿಂದ ಹಿಡಿಯುವುದಿಲ್ಲ ಅಂತ ಒಂದು ಸಾಲು ಆದೇಶದಲ್ಲಿ ಬರೆಸಿ. ಆ ಒಂದು ಸಾಲಿಗೆ ಎಷ್ಟೋ ಬೀರುಗಳು ತೆರೆದುಕೊಳ್ಳುತ್ತವೆ.

ರಾತ್ರಿ ಹೊತ್ತು ಹೆಣ್ಣುಮಕ್ಕಳು ಹೇಗೆ ಬರುತ್ತಾರೆ ಅನ್ನುವ ಪ್ರಶ್ನೆ ಬರುತ್ತದೆ. ನ್ಯಾಯವಾದ ಪ್ರಶ್ನೆ. ಸಣ್ಣ ಟೆಲಿಸ್ಕೋಪ್ ಮನೆಗೆ ಕೊಟ್ಟು ಕಳಿಸಿದರೆ ಅವಳು ತಾರಸಿಯ ಮೇಲೆ ನಿಂತು ನೋಡುತ್ತಾಳೆ, ನಮ್ಮ ಹುಡುಗಿ ಮಾಡಿದ್ದೂ ಅದನ್ನೇ. ಹಗಲಲ್ಲೂ ಮಾಡುವುದು ಬೇಕಾದಷ್ಟಿದೆ. ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ಕಲೆಗಳನ್ನು ದಿನಾ ಗುರುತು ಮಾಡಿದರೆ, ಸೂರ್ಯ ಸುಮಾರು 27 ದಿನಕ್ಕೆ ಒಂದು ಸುತ್ತು ತಿರುಗುವುದು ಕಾಣುತ್ತದೆ. ಟೆಲಿಸ್ಕೋಪಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಲೇಬಾರದು, ಇದನ್ನು ಮೊದಲ ದಿನವೇ ಗಟ್ಟಿಯಾಗಿ ಹೇಳಬೇಕು. ಹಳೆಯ ಸಿಡಿಯ ಗೆರೆಗಳ ನಡುವಿನ ಅಂತರ 1.6 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು). ಅದರ ಒಂದು ತುಂಡು, ಒಂದು ರಟ್ಟಿನ ಡಬ್ಬಿ, ಸಣ್ಣ ಸೀಳು ಇದ್ದರೆ ರೋಹಿತದರ್ಶಕ ಸಿದ್ಧ. ಹಳೆಯ ಮಾದರಿಯ (ಎಲ್‌ಇಡಿ ಅಲ್ಲದ) ಟ್ಯೂಬ್‌ಲೈಟಿನ ಕಡೆ ಹಿಡಿದರೆ ಪಾದರಸದ ಹಸಿರು ಗೆರೆ ಎದ್ದು ಕಾಣುತ್ತದೆ.

ಮೋಡ ಕವಿದ ತಿಂಗಳುಗಳಿಗೆ ಕಂಪ್ಯೂಟರ್ ಇದೆ. ನಾಸಾದ ಕೆಪ್ಲರ್, ಟೆಸ್ ಅನ್ನುವ ಬಾಹ್ಯಾಕಾಶ ದೂರದರ್ಶಕಗಳು ಅಳೆದ ನಕ್ಷತ್ರಗಳ ಬೆಳಕಿನ ಲೆಕ್ಕ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ನಕ್ಷತ್ರದ ಮುಂದೆ ಗ್ರಹ ಹಾದುಹೋದಾಗ ಬೆಳಕು ಚೂರು ಕಮ್ಮಿ ಆಗುತ್ತದೆ. ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಂಥ ಗ್ರಹ ಹೋದರೆ ಶೇ. 1ರಷ್ಟು. ಎಷ್ಟು ಕಮ್ಮಿ ಆಯಿತು ಅಂತ ನೋಡಿ ಗ್ರಹದ ಗಾತ್ರ ಹೇಳಲು ವರ್ಗಮೂಲ ಗೊತ್ತಿದ್ದರೆ ಸಾಕು. 2019ರಲ್ಲಿ ನಾಸಾದಲ್ಲಿ ಇಂಟರ್ನ್ ಆಗಿದ್ದ 17 ವರ್ಷದ ಹುಡುಗನೊಬ್ಬ ಟೆಸ್ ದತ್ತಾಂಶ ನೋಡುತ್ತಾ, ಎರಡು ಸೂರ್ಯರನ್ನು ಸುತ್ತುವ ಗ್ರಹದ ಸುಳಿವು ಹಿಡಿದ. ಎಲ್ಲರಿಗೂ ಗ್ರಹ ಸಿಗುತ್ತದೆ ಅಂತ ಆಸೆ ತೋರಿಸುತ್ತಿಲ್ಲ. ವಿಜ್ಞಾನಿಗಳು ನೋಡುವ ಅದೇ ದತ್ತಾಂಶವನ್ನು ಒಂದು ಮಗು ನೋಡಬಹುದು, ಅಷ್ಟೇ. ಇಂಥದ್ದು ಬೇರೆ ಯಾವ ವಿಷಯದಲ್ಲಿ ಇಷ್ಟು ಸುಲಭ ಹೇಳಿ?

ಮೇಷ್ಟ್ರುಗಳ ವಿಷಯ ಬಿಟ್ಟರೆ ನನ್ನ ಸಹೋದ್ಯೋಗಿಗಳು ನನ್ನನ್ನು ಬಿಡುವುದಿಲ್ಲ. ಈಗಿರುವ ಪೀರಿಯಡ್‌ಗಳ ಮೇಲೆ ಇದನ್ನೂ ಹೇರಿದರೆ ಸತ್ತುಹೋಗುತ್ತದೆ. ಕೋರ್ಸು ನಡೆಸುವವರಿಗೆ ವಾರಕ್ಕೆ ನಾಲ್ಕು ಪೀರಿಯಡ್ ಕಮ್ಮಿ ಮಾಡಿ. ರಾತ್ರಿ ಕೆಲಸವನ್ನೂ ಕೆಲಸ ಅಂತ ಎಣಿಸಿ. ತರಬೇತಿ ಕೊಡುವುದಾದರೆ ಸ್ಲೈಡು ತೋರಿಸಿ ಕಳಿಸಬೇಡಿ. ಮೇಷ್ಟ್ರುಗಳೂ ಐದು ವಾರ ಚುಕ್ಕೆ ಬರೆಯಲಿ, ಅವರದ್ದೂ ಶೇ. 12 ತಪ್ಪಲಿ.

ಕೊನೆಯದು ಪರೀಕ್ಷೆ. ಇಲ್ಲಿಯೇ ಎಲ್ಲ ಕೆಡುವುದು. ಈ ಕೋರ್ಸಿಗೆ ಬಹು ಆಯ್ಕೆಯ ಪ್ರಶ್ನೆಪತ್ರಿಕೆ ಇಟ್ಟ ದಿನವೇ ಕೋಚಿಂಗ್ ಗೈಡು ಹೊರಬರುತ್ತದೆ, ಕ್ಯಾಲಿಸ್ಟೊ 13.2 ಅಗಲ ಅಂತ ಮಕ್ಕಳು ಬಾಯಿಪಾಠ ಮಾಡುತ್ತಾರೆ. ನೋಟ್‌ಬುಕ್ ನೋಡಿ ಅಂಕ ಕೊಡೋಣ. ಮೋಡದ ಪುಟಗಳೂ ಅದರಲ್ಲಿ ಇರಲಿ. ಹೊರಗಿನಿಂದ ಒಬ್ಬರು ಬಂದು ಹದಿನೈದು ನಿಮಿಷ ಕೂತು ‘ಇದು ಯಾಕೆ ಹೀಗೆ ಬಂತು?’ ಅಂತ ಕೇಳಲಿ. ಬೇರೆಯವರ ನೋಟ್‌ಬುಕ್ ನಕಲು ಮಾಡಿದವರು ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ.

ಮುಗಿಸುವ ದಿನಾಂಕವನ್ನೂ ಸ್ವಲ್ಪ ಸಡಿಲ ಬಿಡಬೇಕು. ಗುರು ಸೂರ್ಯನಿಗೆ ಎದುರಾಗಿ, ರಾತ್ರಿಯಿಡೀ ಚೆನ್ನಾಗಿ ಕಾಣುವುದು 399 ದಿನಕ್ಕೊಮ್ಮೆ. ಅಂದರೆ ಹದಿಮೂರು ತಿಂಗಳು. ಶಾಲೆಯ ವರ್ಷ ಹನ್ನೆರಡು. ಹಾಗಾಗಿ ಪ್ರತಿ ವರ್ಷ ಅದು ಒಂದು ತಿಂಗಳು ಮುಂದಕ್ಕೆ ಹೋಗುತ್ತದೆ. ಒಂದು ವರ್ಷ ಅರ್ಧವಾರ್ಷಿಕ ಪರೀಕ್ಷೆಗೆ ಅಡ್ಡ ಬರುತ್ತದೆ, ಇನ್ನೊಂದು ವರ್ಷ ರಜೆಗೆ. ಯಾವ ಸುತ್ತೋಲೆ ಹೊರಡಿಸಿದರೂ ಇದನ್ನು ಬದಲಿಸಲು ಆಗುವುದಿಲ್ಲ, ಕ್ಷಮಿಸಿ.

ಆ ಹುಡುಗಿ ಈಗ ಕೊನೆಯ ವರ್ಷದಲ್ಲಿದ್ದಾಳೆ. ಹೊಳಪು ಕಮ್ಮಿ ಮಾಡಲು ಟೆಲಿಸ್ಕೋಪಿನ ಬಾಯಿಗೆ ತೂತು ಮಾಡಿದ ರಟ್ಟಿನ ಮುಚ್ಚಳ ಕತ್ತರಿಸಿ ಇಟ್ಟುಕೊಂಡಿದ್ದಾಳೆ. ಈ ಸಲ ಕ್ಯಾಲಿಸ್ಟೊದ ದೂರ 13 ಅಗಲಕ್ಕಿಂತ ಮೇಲೆ ಬರುತ್ತೆ ಅಂತ ಅವಳ ನಂಬಿಕೆ. ಗುರು ಮತ್ತೆ ರಾತ್ರಿ ಆಕಾಶಕ್ಕೆ ಬರಲು ಇನ್ನು ಕೆಲವೇ ತಿಂಗಳು ಇದೆ. ಅಷ್ಟರೊಳಗೆ ಅವಳ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಗಂಟೆ ಜಾಗ ಸಿಗಬಹುದೇ? ನಿಮ್ಮ ಕಚೇರಿಯಿಂದ ಉತ್ತರ ಬಂದರೆ ಅವಳ ತರಗತಿಯಲ್ಲೇ ಓದಿ ಹೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಫಿಸಿಕ್ಸ್ ಮೇಷ್ಟ್ರು