ವಿಟೋ ಇಲ್ಲದ ಕುರ್ಚಿಗೆ ಒಪ್ಪಬೇಡಿ: ಸಿಯೆರಾ ಲಿಯೋನ್ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಅಧ್ಯಕ್ಷ ಜೂಲಿಯಸ್ ಮಾಡಾ ಬಿಯೊ ಅವರಿಗೆ ನಮಸ್ಕಾರಗಳು.

2024ರ ನವೆಂಬರ್ 18ರಂದು ಸುಡಾನ್ ಕದನ ನಿಲ್ಲಬೇಕೆಂಬ ಕರಡು ನಿರ್ಣಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಬಂತು. ಬ್ರಿಟನ್ ಜೊತೆ ಸೇರಿ ಅದನ್ನು ಬರೆದದ್ದು ತಮ್ಮ ದೇಶ. 15ರಲ್ಲಿ 14 ಸದಸ್ಯರು ಪರವಾಗಿ ಕೈ ಎತ್ತಿದರು. ಆಗ ಮಂಡಳಿಯಲ್ಲಿದ್ದ ಆಫ್ರಿಕಾದ ಮೂರೂ ದೇಶಗಳು ಅದರಲ್ಲಿದ್ದವು. ರಷ್ಯಾ ವಿಟೋ ಹಾಕಿತು, ಅಂದರೆ ಐದು ಕಾಯಂ ಸದಸ್ಯರಿಗಷ್ಟೇ ಇರುವ, ಒಬ್ಬರೇ ನಿರ್ಣಯವನ್ನು ತಡೆಯುವ ಅಧಿಕಾರವನ್ನು ಬಳಸಿತು. ನಿರ್ಣಯ ಅಲ್ಲಿಗೇ ಬಿದ್ದುಹೋಯಿತು.

ಈ ಮಂಡಳಿಯ ಸುಧಾರಣೆಗಾಗಿ ಆಫ್ರಿಕನ್ ಒಕ್ಕೂಟ ರಚಿಸಿದ ಹತ್ತು ದೇಶಗಳ ಸಮಿತಿಯ ಸಂಚಾಲಕರು ತಾವು. ಆ ಸುಧಾರಣೆ ಹೇಗಿರಬೇಕೆಂದು ಆಫ್ರಿಕನ್ ದೇಶಗಳು ಒಟ್ಟಾಗಿ ತಳೆದ ನಿಲುವಾದ 2005ರ ಎಜುಲ್ವಿನಿ ಒಮ್ಮತವನ್ನು ಬಿಡದೆ ಹಿಡಿದವರು. ಆಫ್ರಿಕಾಕ್ಕೆ ಎರಡು ಕಾಯಂ ಸ್ಥಾನ, ಈಗಿರುವ ಮೂರರ ಬದಲು ಐದು ತಾತ್ಕಾಲಿಕ ಸ್ಥಾನ. ವಿಟೋ ಎಂಬುದೇ ಹೋಗಲಿ, ಇರುವುದಾದರೆ ಹೊಸ ಕಾಯಂ ಸದಸ್ಯರಿಗೂ ಇರಲಿ ಎಂಬ ನಿಲುವು. ಅದು ಸರಿ ಎಂದು ನಾನು ಪೂರ್ತಿ ನಂಬುತ್ತೇನೆ.

2024ರ ಸೆಪ್ಟೆಂಬರಿನಲ್ಲಿ ಅಮೆರಿಕ ಆಫ್ರಿಕಾಕ್ಕೆ ಎರಡು ಕಾಯಂ ಸ್ಥಾನ ಕೊಡಲು ಒಪ್ಪಿತು, ವಿಟೋ ಮಾತ್ರ ಇಲ್ಲ ಎಂದಿತು. ಪಂಕ್ತಿಗೆ ಕರೆದು ಎಲೆ ಹಾಕದ ಮರ್ಯಾದೆ ಇದು. ಆಫ್ರಿಕಾಕ್ಕೆ ವಿಟೋ ಇದ್ದಿದ್ದರೂ ಸುಡಾನ್ ನಿರ್ಣಯ ಉಳಿಯುತ್ತಿರಲಿಲ್ಲ, ನಿಜ. ಆದರೆ ತಡೆಯುವ ಶಕ್ತಿ ಇದ್ದವರನ್ನು ಕೇಳದೆ ಯಾರೂ ಕರಡು ಬರೆಯುವುದಿಲ್ಲ.

ಮಂಡಳಿಯ ನಿರ್ಧಾರದ ತೂಕ ತಮ್ಮ ನೆಲಕ್ಕೆ ಗೊತ್ತು. 1999ರ ಅಕ್ಟೋಬರಿನಲ್ಲಿ, ಅಂತರ್ಯುದ್ಧದಲ್ಲಿ ನಲುಗಿದ್ದ ಸಿಯೆರಾ ಲಿಯೋನ್‌ಗೆ 6,000 ಶಾಂತಿಪಾಲಕರು ಸಾಕೆಂದು ಲೆಕ್ಕ ಹಾಕಿದ ಮಂಡಳಿಯೇ 2001ರ ಮಾರ್ಚ್ ಹೊತ್ತಿಗೆ 17,500 ಬೇಕೆಂದಿತು. ಆ ನಡುವೆ ಬಂಡುಕೋರರು ನೂರಾರು ಶಾಂತಿಪಾಲಕರನ್ನು ಒತ್ತೆ ಇಟ್ಟುಕೊಂಡರು. ಕೈಲಾಹುನ್‌ನಲ್ಲಿ ಇನ್ನೂರಕ್ಕೂ ಹೆಚ್ಚು ಭಾರತೀಯ ಯೋಧರು ಎರಡು ತಿಂಗಳಿಗೂ ಮೀರಿ ದಿಗ್ಬಂಧನದಲ್ಲಿದ್ದರು. 2000ದ ಜುಲೈನಲ್ಲಿ ಆಪರೇಷನ್ ಖುಕ್ರಿ ನಡೆಸಿ ಅವರನ್ನು ಬಿಡಿಸಿಕೊಳ್ಳಬೇಕಾಯಿತು. ಅದಕ್ಕೂ ಮೊದಲು ವರ್ಷಗಟ್ಟಲೆ ಅಲ್ಲಿ ಹೋರಾಡಿ ಸತ್ತವರು ನೈಜೀರಿಯಾ ಮತ್ತಿತರ ಪಶ್ಚಿಮ ಆಫ್ರಿಕಾದ ಸೈನಿಕರು. ಆ ನೆಲ ಬಲ್ಲವರ ಕಡೆಯಿಂದ ಒಂದೂ ಕಾಯಂ ದನಿ ಮಂಡಳಿಯಲ್ಲಿರಲಿಲ್ಲ, ಇವತ್ತಿಗೂ ಇಲ್ಲ.

2005ರಲ್ಲಿ ಭಾರತ, ಬ್ರೆಜಿಲ್, ಜರ್ಮನಿ, ಜಪಾನ್ ಮಂಡಳಿಯ ವಿಸ್ತರಣೆಗಾಗಿ ತಂದ ಕರಡಿನಲ್ಲಿ ಹೊಸ ಕಾಯಂ ಸದಸ್ಯರು 15 ವರ್ಷ ವಿಟೋ ಬಳಸುವುದಿಲ್ಲ ಎಂದಿತ್ತು. ಆಫ್ರಿಕಾ ಒಪ್ಪಲಿಲ್ಲ. ಆ ದಿನದ ಸಿಟ್ಟನ್ನು ದೆಹಲಿ ಮರೆಯಬೇಕು ಎನ್ನುವ ಭಾರತೀಯ ನಾನು.

ತಮ್ಮಲ್ಲಿ ಕೇಳುವುದು ಒಂದೇ. ಆ ಎರಡು ಕುರ್ಚಿಯಲ್ಲಿ ಯಾರು ಕೂರಬೇಕೆಂಬುದನ್ನು ಆಫ್ರಿಕನ್ ಒಕ್ಕೂಟವೇ ಆರಿಸುತ್ತದೆ ಎಂದು ಎಜುಲ್ವಿನಿಯಲ್ಲೇ ಬರೆದುಕೊಂಡಿದ್ದೀರಿ. ನೈಜೀರಿಯಾವೋ, ದಕ್ಷಿಣ ಆಫ್ರಿಕಾವೋ, ಈಜಿಪ್ಟೋ ಎಂಬ ಪ್ರಶ್ನೆ ಇನ್ನೂ ಹಾಗೇ ಇದೆ. ಸುಧಾರಣೆ ಬೇಡದವರಿಗೆ ಇದಕ್ಕಿಂತ ಒಳ್ಳೆಯ ನೆಪ ಸಿಗದು. ಸಂಚಾಲಕರಾದ ತಾವು ಆಯ್ಕೆಯ ಮಾನದಂಡವನ್ನು ಒಕ್ಕೂಟದ ಮುಂದಿನ ಶೃಂಗಸಭೆಯಲ್ಲೇ ಚರ್ಚೆಗೆ ಇಡಿ, ಮತಕ್ಕೆ ಹಾಕಿಸಿ.

ಗೌರವಪೂರ್ವಕವಾಗಿ,
ಒಬ್ಬ ಕನ್ನಡಿಗ